ದಾರ್ಕಾ ಬಿಟ್ಟ ಕಲ್ಲು

ಹೆದ್ದಾರಿ ಪಕ್ಕದಲ್ಲಿ ಏನಾದರೊಂದು ಭಾರೀ ಬೊಂಬೆ ನಿಲ್ಲಿಸದಿದ್ದರೆ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತದಲ್ಲಿ ಊರನ್ನು ಊರೆನ್ನುವವರಿಲ್ಲ. ಒಂದೂರಿನದು ಬಾತುಕೋಳಿ, ಇನ್ನೊಂದರದು ಕಾಫಿ ಪಾತ್ರೆ. ವೊಲೋಶ್ಕಾ ಎಂಬ ಊರಿಗೆ ಅಂಥದ್ದೇನೂ ಇರಲಿಲ್ಲ. ಗೋಧಿ ತುಂಬುವ ಗೋಪುರ ಕೆಡವಿದ ಮೇಲಂತೂ ಕಾರುಗಳು ವೇಗ ತಗ್ಗಿಸುವುದನ್ನೂ ಬಿಟ್ಟವು. ಕೊನೆಗೆ ಊರಿನವರು ತಮ್ಮೂರಿನ ಕಥೆಗಾರ್ತಿ ಸ್ಟೆಫಾ ಹ್ರಿಂಕಿವ್ ಬರೆದ ಕಥೆಯೊಂದನ್ನು ಹಿಡಿದುಕೊಂಡರು.

ಕಥೆ ಬರೆದು ನಲವತ್ತು ವರ್ಷವಾಗಿತ್ತು. ಅದರಲ್ಲಿ ಕಥೆ ಹೇಳುವವಳ ಅಕ್ಕ, ದಾರ್ಕಾ ಎಂಬ ಹುಡುಗಿ, ಕರ್ಲಿಂಗ್ ಪಂದ್ಯದ ಕೊನೆಯ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಬಿಟ್ಟು, ಜೊತೆಯ ಆಟಗಾರರು ಅದರ ಮುಂದೆ ಪೊರಕೆಯಿಂದ ಮಂಜು ಉಜ್ಜುತ್ತ ಓಡುತ್ತಿರುವಾಗಲೇ, ಅದು ನಿಲ್ಲುವ ಮೊದಲೇ ಬಾಗಿಲು ದಾಟಿ ಬಸ್ಸು ಹತ್ತುತ್ತಾಳೆ. ಕಲ್ಲು ಜಾರುತ್ತ ಊರು ದಾಟಿ, ದೇಶ ದಾಟಿ ಹೋಗುತ್ತದೆ. ಕಡೆಯ ಪುಟದಲ್ಲಿ ಕಥೆಗಾರ್ತಿಯೇ ಎದ್ದು ಬಂದು, 'ನನಗೆ ಅಕ್ಕನೇ ಇರಲಿಲ್ಲ. ಈ ಊರನ್ನೂ ನಾನೇ ಕಟ್ಟಿದೆ. ಈ ದೇಶವೂ ಇಂಥದೇ ಕಟ್ಟುಕಥೆ' ಎನ್ನುತ್ತಾಳೆ. ಟೊರಾಂಟೋದ ವಿಮರ್ಶಕರು ಕುಣಿದಾಡಿದರು. ಆಧುನಿಕೋತ್ತರ ಅಂದರು, ಕೆನಡಾದವರು ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ ಅಂದರು. ಅದು ಸಿಟ್ಟಿನಲ್ಲಿ ಬರೆದ ಮಾತೆಂದು ಒಬ್ಬ ಪುಣ್ಯಾತ್ಮನಿಗೂ ಹೊಳೆಯಲಿಲ್ಲ.

ಅಕ್ಕ ಇದ್ದಳು. ಅವಳ ಹೆಸರೇ ದಾರ್ಕಾ. ಹರೆಯದಲ್ಲಿ ಬಸ್ಸು ಹತ್ತಿದವಳು ಆಮೇಲೆ ಒಂದು ಕಾಗದ ಹಾಕಲಿಲ್ಲ. ಅಮ್ಮ ಅವಳ ಫೋಟೋಗಳನ್ನೆಲ್ಲ ಒಲೆಗೆ ಹಾಕಿದಳು. ಅವಳನ್ನು ಕಂಡಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು, ಇಲ್ಲವೇ ಊರು ಬಿಟ್ಟರು. ಎಪ್ಪತ್ತು ದಾಟಿದ ಸ್ಟೆಫಾಗೆ ಈಗ ಬೇಕಿದ್ದುದು ಒಂದೇ, 'ನಿನ್ನಕ್ಕನ್ನ ನೋಡಿದ್ದೆ' ಎನ್ನುವ ಒಂದು ಜೀವ. ನೆನೆಯಹೋದರೆ ಕಥೆಯ ದಾರ್ಕಾಳೇ ಅಡ್ಡ ನಿಲ್ಲುತ್ತಿದ್ದಳು. ಅಕ್ಕ ನಿಜಕ್ಕೂ ಇದ್ದಳೇ ಎಂದು, ಒಬ್ಬಳೇ ಕೂತ ಅಡುಗೆಮನೆಯಲ್ಲಿ ಒಮ್ಮೊಮ್ಮೆ ಸ್ಟೆಫಾಗೇ ಅನುಮಾನ ಬರುತ್ತಿತ್ತು.

ಕಥೆಯ ದಾರ್ಕಾಳ ಬೊಂಬೆ ಮಾಡಿಸುವ ಮಾತು ಬಂದಾಗ ಊರಿನ ಮೇಯರ್ ಬ್ರೆಂಟ್‌ಗೆ ಹೇಳಿ ನೋಡಿದಳು.

"ಅವ್ಳು ನಿಜವಾಗ್ಲೂ ನನ್ನಕ್ಕ ಕಣಪ್ಪಾ."

"ಬಿಡಿ ಸ್ಟೆಫಾ, ನಮ್ಮನ್ನೂ ಕಥೇಲಿ ಸಿಕ್ಕಿಸ್ಬೇಡಿ," ಬ್ರೆಂಟ್ ನಕ್ಕ. "ಅಕ್ಕ ಇರ್ಲಿಲ್ಲ ಅಂತ ನೀವೇ ಬರ್ದಿದೀರಲ್ಲ! ಸ್ಕೂಲಲ್ಲಿ ಬಾಯಿಪಾಠ ಮಾಡ್ಸಿದಾರೆ ನಮ್ಗೆ."

"ಸುಳ್ಳು ಬರ್ದೆ."

"ಟೀಚರ್ ಅದನ್ನೇ ಹೇಳಿದ್ದು, ಈಯಮ್ಮನ ಯಾವ ಮಾತೂ ನಂಬಬೇಡಿ ಅಂತ!"

ತನ್ನ ಬಾಯಿಗೆ ತಾನೇ ಬೀಗ ಜಡಿದುಕೊಂಡವಳು ಇನ್ನೇನು ತಾನೇ ಹೇಳಿಯಾಳು! 

ಕೆನಡಾ ದಿನದಂದು ಬೊಂಬೆಯ ಪರದೆ ಸರಿಯಿತು. ಮೂರಾಳೆತ್ತರದ ದಾರ್ಕಾ ಮಂಡಿ ಬಗ್ಗಿಸಿ, ಬಲಗೈಯಲ್ಲಿ ಕಲ್ಲು ಹಿಡಿದು ಕೂತಿದ್ದಳು. ಕೆಂಪು ಎಲೆಯ ಬಾವುಟಗಳು ಹಾರಾಡಿದವು, ಜನ ಚಪ್ಪಾಳೆ ತಟ್ಟಿದರು. ಸ್ಟೆಫಾ ಆರಿದ ಕಾಫಿ ಹಿಡಿದು ಗುಂಪಿನ ಹಿಂದೆ ನಿಂತಿದ್ದಳು. ಯಾರೋ ಅಪರಿಚಿತಳನ್ನು ನೋಡಿದಂತಾಯಿತು.

"ಥೂ! ಯಾವನ್ರೀ ಇದನ್ನ ಮಾಡಿದ್ದು?"

ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ. ವಾಸಿಲ್ ಕುಜಿಕ್, ಊರು ಬಿಟ್ಟು ಎಷ್ಟೋ ವರ್ಷದಿಂದ ರೆಜೈನಾದಲ್ಲಿ ಮಗಳ ಮನೆ ಸೇರಿದ್ದವನು. ಬದುಕಿದ್ದಾನೆಂದೇ ಸ್ಟೆಫಾಗೆ ಗೊತ್ತಿರಲಿಲ್ಲ.

"ಕೈ ತಪ್ಪಾಗಿದೆ. ದಾರ್ಕಾ ಎಡಗೈಯವಳು," ಎಂದ ವಾಸಿಲ್.

ಬ್ರೆಂಟ್ ಬಗ್ಗಿ ಸಮಾಧಾನ ಮಾಡಿದ. "ತಾತಾ, ಅದು ಕಥೇಲಿ ಬರೋ ಹುಡುಗಿ. ಕಥೇಲಿ ಬಲಗೈ ಅಂತಾನೇ ಇದೆ."

"ಕಥೆಯಂತೆ ಕಥೆ! ಅವ್ಳು ಬಿಟ್ಟ ಕಲ್ಲಿನ ಮುಂದೆ ಪೊರಕೆ ಆಡಿಸ್ತಾ ಓಡಿದೋನು ನಾನು. ನಂಗೆ ಹೇಳ್ಕೊಡಕ್ಕೆ ಬರ್ತೀಯಾ?"

ಸ್ಟೆಫಾಳ ಕೈಯಿಂದ ಕಾಫಿ ಚೆಲ್ಲಿತು. ಚಿಕ್ಕಂದಿನಲ್ಲಿ ಊಟದ ಮೇಜಿನಲ್ಲಿ ಪಕ್ಕದಲ್ಲಿ ಕೂತರೆ ಇವಳ ಬಲ ಮೊಣಕೈಗೆ ಅಕ್ಕನ ಎಡ ಮೊಣಕೈ ತಾಗುತ್ತಿತ್ತು. ಬೀಟ್‌ರೂಟ್ ಸಾರು ಚೆಲ್ಲುತ್ತಿತ್ತು, ಅಮ್ಮ ಇಬ್ಬರಿಗೂ ಬೈಯುತ್ತಿದ್ದಳು. ಅದನ್ನು ಎಲ್ಲಿಯೂ ಬರೆದಿರಲಿಲ್ಲ. ಜನರನ್ನು ತಳ್ಳಿಕೊಂಡು ಹೋಗಿ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತಳು.

"ವಾಸಿಲ್, ಇನ್ನೊಂದ್ಸಲ ಹೇಳು."

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಯಾರು, ಸ್ಟೆಫಾ ಅಲ್ವೇನೇ? ಅಳ್ಬೇಡ ಕಣೇ. ಅಳಕ್ಕೆ ಶುರು ಮಾಡಿದ್ರೆ ಅವ್ಳ ಮೂಗೂ ಹಿಂಗೇ ಕೆಂಪಾಗ್ತಿತ್ತು."