ಸೀರೆ ಗಾರ್ಡು ಬಿಚ್ಚಿದ ಮೇಲೆ

ನಾನು ನೂರು ಸಿಸಿಯ ಒಂದು ಸಣ್ಣ ಮೋಟಾರ್ ಸೈಕಲ್. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಹಗುರ ಮೈ, ಗಿಡ್ಡ ಸೀಟು, ಸಪೂರ ಚಕ್ರ ಕೊಟ್ಟು ಕಳಿಸಿದರು. ಹಿಂದೆ ಕೂರುವ ಹೆಂಗಸರಿಗೆಂದು ಎಡಗಡೆ ಸೀರೆ ಗಾರ್ಡು, ಅದರ ಕೆಳಗೆ ಕಾಲಿಡಲು ಒಂದು ಪಟ್ಟಿ. ಇಬ್ಬರು ಓಡಾಡಲು ಅಷ್ಟು ಸಾಕು. ನನ್ನಲ್ಲಿ ಕೊರತೆ ಕಂಡದ್ದು ನನ್ನನ್ನು ಕೊಂಡ ಶಿವಪುತ್ರಪ್ಪನಿಗೆ.

ಅವನು ಗದಗಿನ ಒಂದು ಛಾಪಖಾನೆಯಲ್ಲಿ ಮಷಿನ್ ನಡೆಸುತ್ತಿದ್ದ. ಮನಸ್ಸೆಲ್ಲ ದೊಡ್ಡ ಗಾಡಿಗಳ ಮೇಲೆ. ಲಡಾಖಿಗೆ ಹೋಗುವವರ ವಿಡಿಯೊ ಮೊಬೈಲಿನಲ್ಲಿ ನೋಡಿ, ಹೊರಗೆ ಬಂದು ನನ್ನನ್ನು ದಿಟ್ಟಿಸುತ್ತಿದ್ದ. ಆಗಲೇ ನನಗೆ ಗೊತ್ತಾಗುತ್ತಿತ್ತು, ಮೈಮೇಲೆ ಇನ್ನೊಂದು ಏನೋ ಏರಲಿದೆ ಎಂದು. ಮೊದಲು ಮುಂದೆ ದಪ್ಪ ಗಾರ್ಡು ಬಂತು. ಆಮೇಲೆ ಗಾಳಿ ತಡೆಯಲು ಎತ್ತರದ ಗಾಜು. ಅಡ್ಡಗಾಳಿ ಬೀಸಿದರೆ ಆ ಗಾಜೇ ನನ್ನನ್ನು ರಸ್ತೆಯಂಚಿಗೆ ನೂಕುತ್ತಿತ್ತು. ಕೊನೆಗೆ ಹಿಂದೆ ಎರಡೂ ಬದಿಗೆ ತಗಡಿನ ಪೆಟ್ಟಿಗೆ, ಸೀಟಿನ ತುದಿಗೆ ಮತ್ತೊಂದು. ಎಡಗಡೆಯ ಪೆಟ್ಟಿಗೆಗೆ ಸೀರೆ ಗಾರ್ಡು ಅಡ್ಡ ಬಂತು. ಗಾರ್ಡನ್ನೂ ಕಾಲಿನ ಪಟ್ಟಿಯನ್ನೂ ಬಿಚ್ಚಿಸಿಬಿಟ್ಟ.

ಹಿಂದೆ ಕೂರಬೇಕಾದವಳು ಅವನ ಹೆಂಡತಿ ನೀಲಮ್ಮ. ಅವಳನ್ನು ಅವನು ಒಂದು ಮಾತು ಕೇಳಿರಲಿಲ್ಲ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಆ ಓಣಿಯ ಮದುವಣಗಿತ್ತಿಯರೆಲ್ಲ ಅವಳ ಬಳಿಗೇ ಬರುತ್ತಿದ್ದರು. ಪೆಟ್ಟಿಗೆ ಕೂರಿಸಿದ ವಾರವೇ ಗಂಡ ಹೆಂಡತಿ ಗಜೇಂದ್ರಗಡದಲ್ಲಿದ್ದ ಅವಳ ಅಕ್ಕನ ಮನೆಗೆ ಹೊರಟರು. ನೀಲಮ್ಮ ನನ್ನ ಪಕ್ಕ ಬಂದು ನಿಂತಳು, ಹತ್ತಲಿಲ್ಲ.

"ಕಾಲು ಎಲ್ಲಿ ಇಡ್ಲಿ, ನೀವ ಹೇಳ್ರಿ."

"ಪೆಟಗಿ ಮ್ಯಾಲ ಇಡು. ಗಟ್ಟಿ ಐತಿ," ಎಂದ ಶಿವಪುತ್ರಪ್ಪ.

ಗಟ್ಟಿಯೇನೋ ಇತ್ತು, ಆದರೆ ನುಣುಪು. ಅವಳಿಗೆ ಉಳಿದದ್ದು ಗೇಣಗಲ ಸೀಟು. ಮೊಣಕಾಲು ಮೇಲೆತ್ತಿ, ಪಕ್ಕೆಗೆ ಹಿಂದಿನ ಪೆಟ್ಟಿಗೆಯ ಮೂಲೆ ಒತ್ತಿಸಿಕೊಂಡು, ಗಂಡನ ಅಂಗಿ ಹಿಡಿದು ಕೂತಳು. ನನಗೆ ಕೂಗಬೇಕೆನಿಸಿತು. ನನಗಿದ್ದ ದನಿ ಹಾರನ್ ಒಂದೇ, ಅದೂ ಅವನ ಹೆಬ್ಬೆರಳಿನ ಕೆಳಗೆ.

ದಾರಿಯಲ್ಲಿ ನರೇಗಲ್ಲ ದಾಟಿದ ಮೇಲೆ ಗಾಳಿ ಜೋರಾಯಿತು. ಹಿಂದಿನ ಭಾರಕ್ಕೆ ನನ್ನ ಮುಂದಿನ ಚಕ್ರ ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ಒಂದು ಉಬ್ಬು ಹಾಯುವಾಗ ನಾನು ಓಲಾಡಿದೆ. ನೀಲಮ್ಮನ ಕಾಲು ಜಾರಿತು. ಗಂಡನ ಅಂಗಿ ಬಿಟ್ಟರೆ ಹಿಡಿಯಲು ಏನೂ ಇರಲಿಲ್ಲ. ಬಲಗೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು.

ಆ ಸಲದ ಮದುವೆಗಳ ರವಿಕೆ ಬಟ್ಟೆಗಳೆಲ್ಲ ಹೊಲಿಯದೆ ವಾಪಸು ಹೋದವು. ನೋಡಲು ಬಂದ ನೆಂಟರಿಗೆಲ್ಲ ಶಿವಪುತ್ರಪ್ಪ ಒಂದೇ ಮಾತು ಹೇಳಿದ, ಗಾಡಿ ಸಣ್ಣದು, ಅದಕ್ಕೇ ಹೀಗಾಯಿತು ಎಂದು. ಅಂಗಳದಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುವುದು ನನ್ನ ಪಾಲಿಗೆ ಬಂತು. ನಾನು ಸಣ್ಣದೆಂದು ಅವನಿಗೆ ಕೊಳ್ಳುವಾಗಲೂ ಗೊತ್ತಿತ್ತಲ್ಲ!

ನನ್ನನ್ನು ಮೆಕ್ಯಾನಿಕ್ ದಾವಲಸಾಬನಿಗೆ ಕೊಟ್ಟು ಅವನು ದೊಡ್ಡ ಗಾಡಿ ತಂದ. ದಾವಲಸಾಬ ಪೆಟ್ಟಿಗೆ, ಗಾಜು ಎಲ್ಲ ತೆಗೆದ. ಆಮೇಲೆ ಎಂಜಿನ್ನನ್ನೂ ಇಳಿಸಿ ಬೇರೊಂದು ಗಾಡಿಗೆ ಹಾಕಿದ. ಉಳಿದ ನನ್ನನ್ನು ಶೆಡ್ಡಿನ ಗೋಡೆಗೆ ಆನಿಸಿಟ್ಟ.

ಮೊನ್ನೆ ಮಧ್ಯಾಹ್ನ ಆ ದೊಡ್ಡ ಗಾಡಿ ಸರ್ವಿಸಿಗೆ ಬಂತು. ನೀಲಮ್ಮ ಹಿಂದಿನಿಂದ ನಡೆದು ಬಂದಳು. ಅದರ ಹಿಂದಿನ ಸೀಟು ಅವಳ ಎದೆಯ ಮಟ್ಟಕ್ಕಿತ್ತು. ಶಿವಪುತ್ರಪ್ಪ ಅದಕ್ಕೂ ಮೂರು ಪೆಟ್ಟಿಗೆ ಕೂರಿಸಲು ಹೇಳುತ್ತಿದ್ದ. ಕೆಲಸ ಮುಗಿಯುವತನಕ ಅವಳು ನನ್ನ ಮೇಲೆ ಆರಾಮಾಗಿ ಕೂತು, ಬಲ ಮಣಿಕಟ್ಟನ್ನು ನೀವಿಕೊಳ್ಳುತ್ತಿದ್ದಳು.

"ಬಾ, ಹತ್ತು," ಎಂದು ಅವನು ಕರೆದ.

"ನೀವು ನಡೀರಿ. ನಾ ಬಸ್ಸಿಗೆ ಬರ್ತೀನಿ."

ಅವನು ಗೊಣಗುತ್ತಾ ಹೊರಟ. ಅವಳು ಸೆರಗು ಸರಿಮಾಡಿಕೊಂಡು, ಬಿಸಿಲಲ್ಲಿ ಬಸ್ ನಿಲ್ದಾಣದ ಕಡೆ ನಡೆದಳು. ನಿಲ್ದಾಣ ಇಲ್ಲಿಂದ ದೂರ. ನನಗೆ ಎಂಜಿನ್ನಿದ್ದರೆ ನಾನೇ ಅವಳನ್ನು ಬಿಟ್ಟು ಬರುತ್ತಿದ್ದೆ.