ಉದ್ದ ವಾಲ್ವಿನ ಟ್ಯೂಬು

ಹೊಸ ಚಕ್ರ ಬೇಕೆಂದಾಗ ಮೈಸೂರಿನ ಸೈಕಲ್ ಅಂಗಡಿಯವನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ನೀವು ಜೊತೆಯಲ್ಲಿ ಓಡಿಸುತ್ತೀರೋ, ಒಬ್ಬರೇ ಓಡಿಸುತ್ತೀರೋ? ಜೊತೆಯಿದ್ದರೆ ಈಗಿರುವ ಅಲ್ಯೂಮಿನಿಯಂ ಚಕ್ರವೇ ಸಾಕಂತೆ, ಮುಂದಿನವನ ಬೆನ್ನ ಮರೆಯಲ್ಲಿ ಹೋಗಬಹುದು. ಒಬ್ಬರೇ ಆದರೆ ಗಾಳಿ ಸೀಳಲು ಐವತ್ತು ಮಿಲಿಮೀಟರ್ ರಿಮ್ಮಿನ ಕಾರ್ಬನ್ ಚಕ್ರ ಬೇಕಂತೆ. ಹುಣಸೂರಿನ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ನನಗೆ ಇಷ್ಟು ಸುಲಭದ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ. ಭಾನುವಾರ ತಿಳಿಸುತ್ತೇನೆ ಎಂದೆ.

ನನಗೆ ಜೊತೆ ಎಂದರೆ ಯತೀಶ. ವೀರನಹೊಸಹಳ್ಳಿ ರಸ್ತೆಯಲ್ಲಿ ಅವನ ಊರು, ಹೊಗೆಸೊಪ್ಪು ಬೆಳೆಯುತ್ತಾನೆ. ಆರು ವರ್ಷ ಪ್ರತಿ ಭಾನುವಾರ ಅವನ ಮನೆಯಿಂದ ಕಾಡಿನ ಗೇಟಿನವರೆಗೆ ಹೋಗಿಬರುತ್ತಿದ್ದೆವು. ಒಂದು ವರ್ಷ ಸೊಪ್ಪಿಗೆ ಒಳ್ಳೆ ರೇಟು ಸಿಕ್ಕಾಗ ಅವನು ಮೂರು ಬೆರಳೆತ್ತರದ ರಿಮ್ಮಿನ ಕಾರ್ಬನ್ ಚಕ್ರ ಹಾಕಿಸಿದ. ಓಡುವಾಗ ಅವು ಗುಂಯ್ ಅನ್ನುತ್ತಿದ್ದವು. ಹಿಂದಿನಿಂದ ಆ ಸದ್ದು ಕೇಳಿಕೊಂಡು ಹೋಗುವವನು ನಾನು. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಚಕ್ರಕ್ಕೆ ಉದ್ದ ವಾಲ್ವಿನ ಟ್ಯೂಬೇ ಆಗಬೇಕು. ನನ್ನ ಟ್ಯೂಬಿನ ಗಿಡ್ಡ ವಾಲ್ವು ಅಷ್ಟೆತ್ತರದ ರಿಮ್ಮಿನಿಂದ ಆಚೆಗೇ ಬರುವುದಿಲ್ಲ. ಯತೀಶ ಆಗ ಒಂದು ನಿಯಮ ಮಾಡಿದ. ಅವನ ಸ್ಪೇರ್ ಟ್ಯೂಬು ನನ್ನ ಚೀಲದಲ್ಲಿ, ನನ್ನದು ಅವನ ಚೀಲದಲ್ಲಿ. ಹೀಗಿದ್ದರೆ ಯಾರೂ ಯಾರನ್ನೂ ಬಿಟ್ಟುಹೋಗುವಂತಿಲ್ಲ.

ಹೋದ ಕಾರ್ತಿಕದಲ್ಲಿ ಒಂದು ಭಾನುವಾರ, ಗೇಟಿನಿಂದ ವಾಪಸ್ಸು ಬರುವಾಗ, ಕೆರೆ ಏರಿಯ ಮೇಲೆ ನಾನು ಅವನನ್ನು ಹಿಂದೆ ಹಾಕಿದೆ. ಆರು ವರ್ಷದಲ್ಲಿ ಅದೇ ಮೊದಲು. ಅವನು ಏನೋ ಕೂಗಿದ. ಸೋತವನ ತಕರಾರು ಎಂದುಕೊಂಡು, ತಿರುಗಿಯೂ ನೋಡದೆ ತುಳಿದೆ. ಅವನ ಮನೆ ಜಗಲಿಯಲ್ಲಿ ಕೂತು, ಅವನ ತಾಯಿ ಸುನಂದಮ್ಮನವರಿಗೆ ನಿಮ್ಮ ಮಗನನ್ನು ಸೋಲಿಸಿದೆ ಎಂದು ಜಂಬ ಕೊಚ್ಚಿದೆ. ಒಂದು ಲೋಟ ಕಾಫಿ ಮುಗಿಯಿತು, ಇನ್ನೊಂದು ಬಂತು. ಮುನಿಸಿಕೊಂಡು ನಿಧಾನ ಮಾಡುತ್ತಿದ್ದಾನೆ ಎಂದುಕೊಂಡೆ.

ಒಂದೂಕಾಲು ಗಂಟೆಯ ಮೇಲೆ ಅವನು ಸೈಕಲ್ ಶೂ ಕಳಚಿ ಬರಿಗಾಲಲ್ಲಿ, ರಿಮ್ಮು ಹಾಳಾಗದಂತೆ ಸೈಕಲ್ಲು ಹೆಗಲ ಮೇಲೆ ಹೊತ್ತು ನಡೆದು ಬಂದ. ಹಿಂದಿನ ಚಕ್ರ ಪಂಕ್ಚರ್. ಅವನ ಟ್ಯೂಬು ನನ್ನ ಚೀಲದಲ್ಲಿತ್ತು. ಆ ವಾರವೆಲ್ಲ ಆ ಕಡೆಯ ರಾಗಿ ಹೊಲಕ್ಕೆ ಆನೆ ಇಳಿಯುತ್ತಿತ್ತು. ಅಲ್ಲಿ ಫೋನೂ ಸಿಗುವುದಿಲ್ಲ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಾಲು ತೊಳೆದುಕೊಂಡು, ತಿಂಡಿ ತಿಂದುಹೋಗು ಎಂದ, ಅಷ್ಟೇ. ಮುಂದಿನ ಭಾನುವಾರ ಕೆಲಸವಿದೆ ಎಂದ, ಅದರ ಮುಂದಿನದಕ್ಕೆ ಮಂಡಿನೋವು ಎಂದ. ಆಮೇಲೆ ನಾನೇ ಕೇಳುವುದನ್ನು ಬಿಟ್ಟೆ. ನಾಲ್ಕು ತಿಂಗಳು ಒಬ್ಬನೇ ಓಡಿಸಿದೆ. ಇದ್ದವನು ಒಬ್ಬನೇ ಗೆಳೆಯ.

ಈ ಭಾನುವಾರ ಕ್ಷಮೆ ಕೇಳಲೇಬೇಕೆಂದು ಹೊರಟೆ. ಯತೀಶ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಿದ್ದ. ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ಚಕ್ರದ ವಿಷಯ. ಅಂಗಡಿಯವನ ಪ್ರಶ್ನೆಯನ್ನೂ ಹೇಳಿದೆ. ಜೊತೆಗೆ ನಾನಿದ್ದೀನಲ್ಲ ಎಂದಾನು ಎಂಬ ಆಸೆ.

"ಹೊಸಾವ್ಯಾಕ್ಲಾ ತಗತೀಯ?" ಎಂದ. "ನನ್ನವನ್ನೇ ಹಾಕ್ಕಂಡೋಗು. ನಾನಿನ್ನ ತುಳಿಯಾಕಿಲ್ಲ ಕಣ."

ದುಡ್ಡಿನ ಮಾತೆತ್ತಲು ಬಿಡಲಿಲ್ಲ. ತಾನೇ ಕೂತು ತನ್ನ ಚಕ್ರಗಳನ್ನು ಬಿಚ್ಚಿ ನನ್ನ ಸೈಕಲ್ಲಿಗೆ ಕೂರಿಸತೊಡಗಿದ. ಅವನು ತಲೆ ಬಗ್ಗಿಸಿದ್ದರಿಂದ ನನಗೆ ಧೈರ್ಯ ಬಂತು.

"ಅವತ್ತು ನೀನು ಕೂಗಿದ್ದು ನಂಗೆ ಕೇಳಿಸ್ತು ಕಣೋ."

"ಗೊತ್ತು ಬುಡು" ಎಂದ. ಹಿಂದಿನ ಚಕ್ರ ಕೈಗೆತ್ತಿಕೊಂಡ.

ನನ್ನ ಹಳೆಯ ಚಕ್ರಗಳನ್ನು ಅವನ ಸೈಕಲ್ಲಿಗೆ ನಾನೇ ಹಾಕಿ ಗೋಡೆಗೆ ಒರಗಿಸಿದೆ. ಅವನು ಬೇಡ ಎನ್ನಲಿಲ್ಲ. ಒಳಗೆ ಹೋಗಿ ನನ್ನ ಗಿಡ್ಡ ವಾಲ್ವಿನ ಟ್ಯೂಬು ತಂದು ಕೈಗಿತ್ತ. ಅದಕ್ಕೆ ಸುತ್ತಿದ ರಬ್ಬರ್ ಬ್ಯಾಂಡು ಹಾಗೇ ಇತ್ತು.

ಹುಣಸೂರಿಗೆ ತಿರುಗಲು ಮನಸ್ಸಾಗದೆ ಗೇಟಿನ ಕಡೆ ಹೊರಟೆ. ಕೆರೆ ಏರಿಯ ಮೇಲೆ ಗಾಳಿ ಪಕ್ಕದಿಂದ ಬೀಸಿ, ಎತ್ತರದ ರಿಮ್ಮಿಗೆ ಬಡಿದು ನನ್ನನ್ನು ರಸ್ತೆಯ ಅಂಚಿಗೆ ತಳ್ಳಿತು. ಯತೀಶ ಇಷ್ಟು ವರ್ಷ ಇದನ್ನು ತಡೆದುಕೊಂಡೇ ಮುಂದೆ ಹೋಗುತ್ತಿದ್ದ. ಅವನ ಬೆನ್ನ ಹಿಂದಿದ್ದ ನನಗೆ ಅದು ಗೊತ್ತೇ ಆಗಿರಲಿಲ್ಲ. ಗುಂಯ್ ಅನ್ನುವ ಸದ್ದು ಈಗ ನನ್ನ ಕಾಲ ಕೆಳಗಿನಿಂದಲೇ ಬರುತ್ತಿತ್ತು. ಇಳಿದು ಹಿಂದೆ ತಿರುಗಿ ನೋಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಆದರೂ ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಅಂಗಡಿಯವನಿಗೆ ಚಕ್ರ ಬೇಡವೆಂದು ಹೇಳಿದ್ದೇನೆ. ನನ್ನ ಚೀಲದಲ್ಲಿ ಈಗ ಎರಡೂ ಟ್ಯೂಬುಗಳಿವೆ. ಅವನಿಗೆ ವಾಪಸ್ಸು ಕೊಡದೆ ಉಳಿದಿದ್ದ ಉದ್ದದ್ದು ಈಗ ನನಗೆ. ಗಿಡ್ಡದ್ದು ಅವನ ಮನೆ ಗೋಡೆಗೆ ಒರಗಿರುವ ಸೈಕಲ್ಲಿಗೆ. ಅವನು ಬಂದರೆ ಬೇಕಾಗುತ್ತದೆ.