ಒಳಕೋಣೆ ಖಾಲಿ ಇಲ್ಲ

ಮಗಳ ಕ್ಲಾಸ್ ಟೀಚರ್ ನಮ್ಮ ಅಕ್ಯುಪಂಕ್ಚರ್ ಚಿಕಿತ್ಸಾಲಯದ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ನಾನು ಡ್ರೈವರ್ ಅಜ್ಜನ ಮೊಣಕಾಲಿಗೆ ಸ್ಪಿರಿಟ್ ಒರೆಸುತ್ತಿದ್ದೆ. ನನ್ನ ಮುಖಕ್ಕೆ ಮಾಸ್ಕ್ ಇತ್ತು, ತಲೆಗೆ ನೀಲಿ ಟೋಪಿ. ಆಕೆಗೆ ನನ್ನ ಗುರುತು ಹತ್ತಲಿಲ್ಲ. ನನಗೆ ಮಾತ್ರ ತಲೆ ಎತ್ತುವ ಮೊದಲೇ, ಆ ಚಪ್ಪಲಿಯ ಟಕಟಕ ಸದ್ದಿಗೇ ಗೊತ್ತಾಯಿತು. ಶಾಲೆಯ ಕಾರಿಡಾರಿನಲ್ಲಿ ಕೆಲಸಕ್ಕೆ ರಜೆ ಹಾಕಿ ಕಾದು ಕೂತಾಗ ಕಿವಿಗೆ ಇಳಿದ ಸದ್ದು ಅದು.

ನನ್ನ ಪುಟ್ಟಿಗೆ ಕೂಸಾಗಿದ್ದಾಗಿನಿಂದ ಇಸುಬು. ಮೊಣಕೈಯ ಮಡಿಕೆ, ಮಣಿಕಟ್ಟು, ಮೊಣಕಾಲ ಹಿಂದೆ. ಚಳಿ ಶುರುವಾದರೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ ಬೀಳುವಷ್ಟು ಕೆರೆಯುತ್ತಾಳೆ. ಈ ಸಲ ಯಾವುದೋ ಮಗುವಿನ ತಾಯಿ ಅದನ್ನು ನೋಡಿ ಮುಖ ಸಿಂಡರಿಸಿದಳಂತೆ. ಅಷ್ಟಕ್ಕೇ ಟೀಚರ್ ನನ್ನ ಮಗಳ ಮೇಜನ್ನು ಬಾಗಿಲ ಹತ್ತಿರ, ಶೂ ಸ್ಟ್ಯಾಂಡಿನ ಪಕ್ಕಕ್ಕೆ ಎಳೆಸಿದಳು. ಕೈ ಕೈ ಹಿಡಿದು ಸುತ್ತುವ ಕುಣಿತದಿಂದ ಹೆಸರು ತೆಗೆದಳು. ಮಕ್ಕಳು ಅವಳಿಗೆ 'ತುರಿಮಣೆ' ಎಂದು ಹೆಸರಿಟ್ಟರು. ಟೀಚರ್ ಕೇಳಿಸಿಕೊಂಡೂ ಸುಮ್ಮನಿದ್ದಳು.

ಹೋಗಿ ಬೇಡಿಕೊಂಡೆ. "ಇದು ಅಂಟೋದಲ್ಲ ಮೇಡಂ, ಮಕ್ಕಳಿಗೆ ಅದೊಂದು ಮಾತು ನೀವೇ ಹೇಳಿಬಿಡಿ ಸಾಕು."

ಆಕೆ ಕೈಗವಸಿನ ಮೇಲಿನ ಚಾಕ್‌ಪೀಸಿನ ಪುಡಿ ಕೊಡವಿಕೊಂಡು, "ಅಂಟಲ್ಲ ಅಂತ ನೀವು ಹೇಳ್ತೀರಿ. ನಾಳೆ ನಾಲ್ಕು ಜನ ಬಂದು ಕೇಳಿದ್ರೆ ನಾನೇನು ಹೇಳ್ಲಿ?" ಎಂದಿದ್ದಳು.

ಅವತ್ತಿನಿಂದ ಪುಟ್ಟಿ ಮಧ್ಯಾಹ್ನದ ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚಲಿಲ್ಲ. ಬೆಳಗ್ಗೆ ಎದ್ದರೆ ಹೊಟ್ಟೆನೋವು ಅನ್ನುತ್ತಾಳೆ, ಶಾಲೆಗೆ ಹೋಗಲ್ಲ ಅನ್ನುತ್ತಾಳೆ. ಅವಳನ್ನು ಎಳೆದುಕೊಂಡು ಹೋಗಿ ಬಿಟ್ಟು, ಇಲ್ಲಿಗೆ ಓಡಿ ಬಂದು, ಸಂಜೆ ಮತ್ತೆ ಓಡುವಾಗ ದಾರಿಯುದ್ದಕ್ಕೂ ನನ್ನ ಹಲ್ಲಿನ ನಡುವೆ ಒಂದೇ ಮಾತು: ಈ ಹೆಂಗಸಿನ ಬಾಯಿಂದಲೇ ಅಂಟಲ್ಲ ಅಂತ ಹೇಳಿಸಬೇಕು.

ಈಗ ಹಾವು ತಾನಾಗಿಯೇ ಬುಟ್ಟಿಗೆ ಬಂದಿತ್ತು. ಅದೂ ಕೈಗವಸು ತೊಟ್ಟುಕೊಂಡು.

ಮುಂದಿನ ಕೋಣೆಯ ಚರ್ಮದ ಡಾಕ್ಟರ್ ಬರೀ ಮುಲಾಮಿಗೆ ತುರಿಕೆ ಬಗ್ಗದವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಮುಲಾಮು ಬಿಡಬೇಡಿ, ಜೊತೆಗೆ ಸೂಜಿ ಚಿಕಿತ್ಸೆಯನ್ನೂ ಮಾಡಿ ನೋಡಿ ಅನ್ನುತ್ತಾರೆ. ಕೆಲವರಿಗೆ ತುರಿಕೆ ತಗ್ಗಿ ನಿದ್ದೆ ಹತ್ತುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ನಾನು ಯಾರಿಗೂ ಸುಳ್ಳು ಭರವಸೆ ಕೊಟ್ಟವಳಲ್ಲ.

ಅವತ್ತು ಹೇಳಿದ ಸುಳ್ಳು ಬೇರೆಯದು.

"ಒಳಗೆ ಬೇರೆ ರೂಮ್ ಇದೆಯಂತಲ್ಲ?" ಟೀಚರ್ ದನಿ ತಗ್ಗಿಸಿ ಕೇಳಿದಳು. "ನನಗೆ ಅಲ್ಲೇ ಆದ್ರೆ... ಪರಿಚಯದವರು ಯಾರಾದ್ರೂ ಬಂದ್ರೆ ಸರಿ ಇರಲ್ಲ."

"ಇದೆ ಮೇಡಂ. ಖಾಲಿ ಇಲ್ಲ."

ಪರದೆಯ ಹಿಂದೆ ಒಗೆದು ಮಡಚಿಟ್ಟ ಹೊದಿಕೆಗಳು ಬಿಟ್ಟರೆ ಒಂದು ನೊಣವೂ ಇರಲಿಲ್ಲ.

ಹಾಲ್‌ನಲ್ಲಿರುವುದು ಮೂರೇ ಕುರ್ಚಿ. ಆಕೆಯನ್ನು ನಡುವಿನದರಲ್ಲಿ ಕೂರಿಸಿ ಕೈಗವಸು ತೆಗೆಸಿದೆ. ಮುಂಗೈ ತುಂಬ ಕೆಂಪು, ಬೆರಳ ಸಂದುಗಳು ಬಿರುಕು ಬಿಟ್ಟಿದ್ದವು. ಎರಡೂ ಕೈಗಳನ್ನು ದಿಂಬಿನ ಮೇಲಿಟ್ಟು ಮೊಣಕೈ ಮಡಿಕೆಯ ತುದಿಗೆ, ಮೊಣಕಾಲಿನ ಮೇಲ್ಭಾಗಕ್ಕೆ ಸೂಜಿ ಹಾಕಿದೆ. ಕೂದಲೆಳೆಯಂಥ ಸೂಜಿ. ಬೇಕೆಂದೇ ನೋಯಿಸಬಹುದಿತ್ತು. ಅದು ಸಣ್ಣವರ ಸೇಡು. ನನಗೆ ದೊಡ್ಡದು ಬೇಕಿತ್ತು.

"ಇನ್ನು ಕೈ ಅಲ್ಲಾಡಿಸಬಾರದು. ಎಷ್ಟೇ ಕೆರೆತ ಬಂದ್ರೂ ಸರಿ. ನಾನು ಬಂದು ತೆಗೆಯೋವರೆಗೂ."

"ಹೊಸಬರಾ?" ಡ್ರೈವರ್ ಅಜ್ಜ ಪಕ್ಕದ ಕುರ್ಚಿಯಿಂದ ಮಾತು ತೆಗೆದರು. ಬಸ್ಸು ಓಡಿಸಿ ನಿವೃತ್ತರಾದವರು, ಕಾಲಿನ ತುರಿಕೆಗೆ ಬರುತ್ತಾರೆ. "ಹೆದರಬೇಡಿ. ಮೊದಲ ದಿನ ಮುಳ್ಳುಹಂದಿ ಆದೆ ಅನ್ಸುತ್ತೆ. ಆಮೇಲೆ ಗೊರಕೇನೇ."

ಇಲ್ಲಿಗೆ ಹೊಸಬರು ಯಾರು ಬಂದರೂ ಮೊದಲು ನಾನೊಂದು ಮಾತು ಹೇಳುತ್ತೇನೆ: "ಇಲ್ಲಿ ಕೂತಿರೋ ಯಾರದ್ದೂ ಅಂಟಲ್ಲ, ಹಾಯಾಗಿ ಕೂತ್ಕೊಳ್ಳಿ." ಅಜ್ಜ ಅದನ್ನು ಕೇಳಿ ಕೇಳಿ, ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವ ಹಾಗೆ ಕೆಲವೊಮ್ಮೆ ತಾವೇ ಕೂಗಿಬಿಡುತ್ತಾರೆ. ಅವತ್ತು ನಾನು ಅದನ್ನು ಹೇಳಲಿಲ್ಲ.

ಅಷ್ಟರಲ್ಲಿ ಟೈಲರ್ ಹೆಂಗಸೊಬ್ಬಳು ಬಂದಳು. ಕತ್ತಿನಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು, ಅದರ ಕೆಳಗೆ ಕತ್ತೆಲ್ಲ ಕೆರೆದು ಕೆಂಪಾಗಿತ್ತು. ಅವಳಿಗೂ ಅದು ಮೊದಲ ದಿನ. ಮೂರನೇ ಕುರ್ಚಿಯಲ್ಲಿ ಕೂತವಳು ಟೀಚರ್ ಕೈ ಕಂಡದ್ದೇ ಸೆರಗು ಹತ್ತಿರ ಎಳೆದುಕೊಂಡಳು.

"ಅಕ್ಕಾ," ಎಂದಳು ನನಗೆ. "ಇವರದ್ದು ಅಂಟುತ್ತಾ? ಮನೇಲಿ ಕೂಸಿದೆ."

ನಾನು ಹತ್ತಿ ಉಂಡೆ ಕಟ್ಟತೊಡಗಿದೆ.

"ಅಯ್ಯೋ, ಅದು..." ಅಜ್ಜ ಬಾಯಿ ತೆರೆದರು.

"ಅಜ್ಜ, ಮಾತಾಡಿದ್ರೆ ಸೂಜಿ ಅಲ್ಲಾಡುತ್ತೆ."

ಅಜ್ಜ ನನ್ನ ಮುಖ ನೋಡಿದರು, ಬಾಯಿ ಮುಚ್ಚಿದರು. ಟೈಲರ್ ಎದ್ದು ತನ್ನ ಕುರ್ಚಿಯನ್ನು ಗೋಡೆಯವರೆಗೆ ಎಳೆದುಕೊಂಡು ಹೋದಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ರೆಂದಿತು. ಪುಟ್ಟಿಯ ಮೇಜು ಎಳೆದಾಗಲೂ ಹೀಗೇ ಕಿರ್ರೆಂದಿರಬೇಕು ಅಂದುಕೊಂಡೆ. ಒಳಗೆಲ್ಲೋ ತಣ್ಣಗಾಯಿತು.

ಟೀಚರ್ ಕಿವಿಯವರೆಗೆ ಕೆಂಪಾಗಿದ್ದಳು. ಕೈ ಮುಚ್ಚಿಕೊಳ್ಳುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ.

"ನೀವು ಹೇಳಿ ಅವರಿಗೆ," ಎಂದಳು.

"ಏನು ಹೇಳ್ಲಿ ಮೇಡಂ?"

"ಇದು ಅಂಟಲ್ಲ ಅಂತ."

"ಅಂಟಲ್ಲ ಅಂತ ನೀವು ಹೇಳ್ತೀರಿ. ನಾಳೆ ನಾಲ್ಕು ಜನ ಬಂದು ಕೇಳಿದ್ರೆ ನಾನೇನು ಹೇಳ್ಲಿ?"

ಆಕೆ ನನ್ನನ್ನು ದಿಟ್ಟಿಸಿದಳು. ಮಾಸ್ಕ್ ಇಳಿಸುವ ಅಗತ್ಯವೇ ಬೀಳಲಿಲ್ಲ.

"ನೀವು... ಪುಟ್ಟಿ ಅಮ್ಮ ಅಲ್ವಾ?"

"ಹೌದು. ಶೂ ಸ್ಟ್ಯಾಂಡ್ ಪಕ್ಕ ಕೂರ್ತಾಳಲ್ಲ, ಅವಳ ಅಮ್ಮ."

ಆಕೆಯ ಕಣ್ಣಿಂದ ಒಂದು ಹನಿ ಜಾರಿ ಕೆನ್ನೆಯ ಮಧ್ಯೆ ನಿಂತಿತು. ಹನಿ ನಿಂತ ಜಾಗ ಕೆರೆಯುತ್ತದೆ, ಅದು ನನಗೆ ಗೊತ್ತು. ಕೆನ್ನೆಯನ್ನು ಭುಜಕ್ಕೆ ಉಜ್ಜಿಕೊಳ್ಳಲು ನೋಡಿದಳು, ಮೊಣಕೈಯ ಸೂಜಿ ಚುರುಕ್ಕೆಂದಿರಬೇಕು, ನಿಲ್ಲಿಸಿದಳು. ಹತ್ತಿ ನನ್ನ ಕೈಯಲ್ಲೇ ಇತ್ತು.

"ಒರೆಸಮ್ಮ, ಪಾಪ," ಎಂದರು ಅಜ್ಜ.

"ಸೂಜಿ ತೆಗೆಯೋ ಹೊತ್ತಾಗ್ಲಿ ಅಜ್ಜ."

ಕೊನೆಗೆ ಟೀಚರ್ ಟೈಲರ್ ಕಡೆ ತಿರುಗಿದಳು. "ಇದು ಅಂಟಲ್ಲಮ್ಮ," ಎಂದಳು, ಗಂಟಲಲ್ಲೇ.

"ಅವರಿಗೆ ಕೇಳಿಸ್ಲಿಲ್ಲ ಮೇಡಂ. ಕ್ಲಾಸಲ್ಲಿ ಕೊನೇ ಬೆಂಚಿಗೆ ಕೇಳಿಸೋ ಹಾಗೆ ಹೇಳ್ತೀರಲ್ಲ, ಹಾಗೆ."

"ಇದು ಅಂಟೋ ಕಾಯಿಲೆ ಅಲ್ಲ. ಮುಟ್ಟಿದ್ರೆ ಏನೂ ಆಗಲ್ಲ."

"ಈ ಮಾತನ್ನ ಮಕ್ಕಳಿಗೂ ಇದೇ ದನಿಯಲ್ಲಿ ಹೇಳಿ," ಎಂದೆ. ಆಮೇಲೆಯೇ ಟೈಲರ್ ಕಡೆ ನೋಡಿ, "ಹೌದಮ್ಮ, ಇಲ್ಲಿ ಯಾರದ್ದೂ ಅಂಟಲ್ಲ. ಕುರ್ಚಿ ಈಚೆ ತನ್ನಿ," ಎಂದೆ.

ಸೂಜಿ ತೆಗೆದೆ. ಕೆನ್ನೆಯನ್ನು ಆಕೆಯೇ ಒರೆಸಿಕೊಂಡಳು. ಬಾಗಿಲಲ್ಲಿ ಕೈಗವಸು ತೊಡುತ್ತಾ, "ಬುಧವಾರ ಬರ್ಲಾ?" ಎಂದು ಕೇಳಿದಳು.

"ಬನ್ನಿ. ಮುಲಾಮು ಮರೀಬೇಡಿ."

ಮರುದಿನ ಸಂಜೆ ಸ್ನಾನವಾದ ಮೇಲೆ ಪುಟ್ಟಿ ಮುಲಾಮು ಹಚ್ಚಿಸಿಕೊಳ್ಳಲು ತಾನಾಗಿಯೇ ತೋಳು ಚಾಚಿದಳು.

"ಅಮ್ಮ, ಇವತ್ತು ಮಿಸ್ ಗ್ಲೌಸ್ ತೆಗೆದು ಎಲ್ರಿಗೂ ಕೈ ತೋರಿಸಿದ್ರು. ನಂದೂ ತೋರಿಸು ಅಂದ್ರು. ಎರಡೂ ಒಂದೇ ಥರ ಇತ್ತು. ಮುಟ್ಟಿದ್ರೆ ಏನೂ ಆಗಲ್ಲ ಅಂದ್ರು."

"ಆಮೇಲೆ?"

"ಕುಣಿತಕ್ಕೆ ಕರೆದ್ರು. ಯಾರೂ ಕೈ ಕೊಡ್ಲಿಲ್ಲ. ಆಗ ಮಿಸ್ಸೇ ಬಂದು ಹಿಡ್ಕೊಂಡ್ರು. ಈ ಕಡೆಯಿಂದ ನನ್ನ ಫ್ರೆಂಡು ಹಿಡ್ಕೊಂಡ್ಲು." ಇನ್ನೊಂದು ತೋಳನ್ನೂ ಚಾಚಿ, "ಮಿಸ್ ಕೈ ಒರಟು ಅಮ್ಮ. ಪಾಪ. ಅವರು ನಿನ್ನ ಹತ್ರ ಬರ್ತಾರಂತಲ್ಲ, ಚೆನ್ನಾಗಿ ನೋಡ್ಕೋ," ಎಂದಳು.

"ನೋಡ್ಕೋತೀನಿ," ಎಂದೆ. ಅವಳು ಅರ್ಧತೋಳಿನ ಅಂಗಿ ಹಾಕಿಕೊಂಡು ಆಡಲು ಓಡಿದಳು.

ಬುಧವಾರ ಟೀಚರ್ ಕೈಗವಸಿಲ್ಲದೆ ಬಂದಳು. ಹಾಲ್‌ನಲ್ಲಿ ಅಜ್ಜ, ಟೈಲರ್, ಅವಳ ಜೊತೆಗೆ ಬಂದು ಬಾಗಿಲ ಬಳಿ ನಿಂತ ಅತ್ತೆ.

"ಇವತ್ತಾದ್ರೂ ಒಳಗಡೆ..." ಎಂದು ಆಕೆ ಶುರು ಮಾಡುವಾಗಲೇ ಫ್ಯಾನಿನ ಗಾಳಿಗೆ ಪರದೆ ಹಾರಿತು. ಖಾಲಿ ಮಂಚ, ಅದರ ಮೇಲೆ ಮಡಚಿದ ಹೊದಿಕೆ. ಆಕೆ ನೋಡಿದಳು. ಆಕೆ ನೋಡಿದ್ದನ್ನು ನಾನೂ ನೋಡಿದೆ.

"ಖಾಲಿ ಇಲ್ಲ ಮೇಡಂ," ಎಂದು ನಡುವಿನ ಕುರ್ಚಿಯ ಧೂಳು ಒರೆಸಿದೆ.

ಆಕೆ ಕೂತು, ದಿಂಬಿನ ಮೇಲೆ ಕೈ ಇಟ್ಟಳು.